ದಿನದ ವಾಚನ: ನಾವು ಆರಿಸಿಕೊಳ್ಳದ ಮಾತು

ಮನೆಯಲ್ಲಿರುವ ಪವಿತ್ರ ಗ್ರಂಥವನ್ನು ತೆರೆದು, ಮನಸ್ಸಿಗೆ ಹಿತವೆನಿಸುವ ಪುಟವನ್ನಷ್ಟೇ ಓದಿ ಮುಚ್ಚಿಡುವುದು ನಮ್ಮಲ್ಲಿ ಅನೇಕರ ರೂಢಿ. ದುಃಖ ಬಂದಾಗ ಸಾಂತ್ವನದ ಕೀರ್ತನೆ, ಸಂತೋಷವಾದಾಗ ಸ್ತುತಿಯ ಕೀರ್ತನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಥೋಲಿಕ ಧರ್ಮಸಭೆಯು ಪ್ರತಿದಿನದ ಬಲಿಪೂಜೆಗೆ ಗೊತ್ತುಪಡಿಸಿರುವ ವಾಚನಗಳ ಮರ್ಮವೇ ಬೇರೆ. ಇಲ್ಲಿ ಓದಬೇಕಾದ ಭಾಗವನ್ನು ನಾವು ಆರಿಸಿಕೊಳ್ಳುವುದಿಲ್ಲ. ಆ ದಿನದ ಪಾಲಿಗೆ ಬಂದ ಮಾತನ್ನು ಸ್ವೀಕರಿಸುತ್ತೇವೆ.

ಈ ವ್ಯವಸ್ಥೆ ಇಂದಿನ ರೂಪಕ್ಕೆ ಬಂದುದು ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ತರುವಾಯ. ಅದಕ್ಕೆ ಮೊದಲು ಲತೀನ್ ಭಾಷೆಯ ಪೂಜೆಯಲ್ಲಿ ಒಂದೇ ವರ್ಷದ ಆವರ್ತನವಿದ್ದು, ಭಾನುವಾರಗಳಂದು ಹಳೆಯ ಒಡಂಬಡಿಕೆಯ ಭಾಗಗಳು ಕಿವಿಗೆ ಬೀಳುತ್ತಿದ್ದುದು ತೀರ ವಿರಳ. ದೈವಾರಾಧನೆಯನ್ನು ಕುರಿತು 1963ರ ಡಿಸೆಂಬರ್ 4ರಂದು ಹೊರಬಂದ ಶಾಸನವು ಧರ್ಮಗ್ರಂಥದ ಭಂಡಾರವನ್ನು ಜನರಿಗೆ ಧಾರಾಳವಾಗಿ ತೆರೆದಿಡಬೇಕೆಂದು ವಿಧಿಸಿತು. ಅದರ ಫಲವಾಗಿ 1969ರಲ್ಲಿ ಹೊಸ ವಾಚನಕ್ರಮ ಜಾರಿಗೆ ಬಂದಿತು.

ಅದರ ಪ್ರಕಾರ ಭಾನುವಾರಗಳಿಗೆ ಮೂರು ವರ್ಷಗಳ ಆವರ್ತನ: ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ಯೊವಾನ್ನರ ಶುಭಸಂದೇಶ ಮುಖ್ಯವಾಗಿ ಪಾಸ್ಖ ಕಾಲಕ್ಕೆ ಮೀಸಲು. ವಾರದ ಉಳಿದ ದಿನಗಳಲ್ಲಿ ಮೊದಲನೆಯ ವಾಚನ, ಕೀರ್ತನೆ, ಶುಭಸಂದೇಶ. ಸಾಧಾರಣ ಕಾಲದ 34 ವಾರಗಳಲ್ಲಿ ಶುಭಸಂದೇಶ ಪ್ರತಿವರ್ಷವೂ ಒಂದೇ; ಮೊದಲನೆಯ ವಾಚನ ಮಾತ್ರ ಬೆಸ ಹಾಗೂ ಸರಿ ಇಸವಿಗಳಿಗೆ ಅನುಗುಣವಾಗಿ ಬದಲಾಗುತ್ತದೆ.

ಲತೀನ್ ವಿಧಿಯನ್ನು ಅನುಸರಿಸುವ ದೇವಾಲಯಗಳಲ್ಲೆಲ್ಲ, ಸ್ಥಳೀಯ ಹಬ್ಬಗಳ ಹೊರತು, ಒಂದು ದಿನ ಓದುವುದು ಒಂದೇ ಭಾಗ. ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿರುವ ನಮಗೆ ಇದು ಸಣ್ಣ ಸಂಗತಿಯಲ್ಲ. ಅಜ್ಜಿ ಕನ್ನಡ ಲಿಪಿಯಲ್ಲಿ ಓದಿದ್ದನ್ನೇ ಮೊಮ್ಮಗ ಇಂಗ್ಲಿಷ್ ಪೂಜೆಯಲ್ಲಿ ಕೇಳಿರುತ್ತಾನೆ; ಊರಿನ ಇಗರ್ಜಿಯಲ್ಲಿ ಕುಳಿತ ಬಂಧುಗಳೂ ಅದನ್ನೇ ಆಲಿಸಿರುತ್ತಾರೆ. ಭಾಷೆಗಳು ಬೇರೆಯಾದರೂ ಸಂಜೆ ಊಟದ ಹೊತ್ತಿಗೆ ಮಾತನಾಡಲು ಎಲ್ಲರಿಗೂ ಸಮಾನವಾದ ಒಂದು ವಿಷಯವಿರುತ್ತದೆ.

ಒಂದು ಉದಾಹರಣೆ ನೋಡೋಣ. ತಪಸ್ಸುಕಾಲದ ಮೂರನೆಯ ವಾರದ ಮಂಗಳವಾರ ಮತ್ತಾಯನ 18ನೆಯ ಅಧ್ಯಾಯದ ಸಾಮತಿ ಬರುತ್ತದೆ. ಅರಸನಿಗೆ 10,000 ತಲಾಂತು ಸಾಲ ತೆರಬೇಕಿದ್ದ ಸೇವಕನಿಗೆ ಪೂರ್ಣ ಮನ್ನಾ ದೊರೆಯುತ್ತದೆ. ಆತನೇ ಹೊರಗೆ ಬಂದು, ತನಗೆ ನೂರು ಬೆಳ್ಳಿ ನಾಣ್ಯ ಕೊಡಬೇಕಿದ್ದ ಜೊತೆಯವನ ಕತ್ತು ಹಿಡಿದು ಸೆರೆಗೆ ತಳ್ಳುತ್ತಾನೆ. ಒಂದು ನಾಣ್ಯ ಅಂದಿನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಗಳ ಕೂಲಿ. ಎಂದರೆ 6 ಕೋಟಿ ದಿನಗಳ ಕೂಲಿಯ ಋಣದಿಂದ ಬಿಡುಗಡೆ ಪಡೆದವನು ಕೇವಲ 100 ದಿನಗಳ ಕೂಲಿಯನ್ನು ಬಿಡಲಾರದೆ ಹೋದ.

ಊರಿನ ಮನೆಯ ಪಾಲಿನ ವಿಷಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ನಡುವೆ ಇಲ್ಲವೇ? ಅಂಥವರು ತಾವಾಗಿ ಈ ಪುಟವನ್ನು ಎಂದೂ ತೆರೆಯಲಾರರು. ಆದರೆ ಪಂಚಾಂಗದಂತೆ ಆ ಮಂಗಳವಾರ ಬಂದೇ ಬರುತ್ತದೆ. ಅಂದು ಅಣ್ಣನೂ ತಮ್ಮನೂ, ಬೇರೆ ಬೇರೆ ನಗರಗಳಲ್ಲಿದ್ದರೂ, ಒಂದೇ ಪ್ರಶ್ನೆಗೆ ಎದುರಾಗುತ್ತಾರೆ. ನಾವು ತಪ್ಪಿಸಿಕೊಳ್ಳಬಯಸುವ ಮಾತು ನಮ್ಮನ್ನು ಹುಡುಕಿಕೊಂಡು ಬರುವುದೇ ನಿತ್ಯವಾಚನದ ದೊಡ್ಡ ಉಪಕಾರ.

ಇದನ್ನು ಮನೆಯಲ್ಲಿ ರೂಢಿಸಿಕೊಳ್ಳುವುದು ಕಷ್ಟವಲ್ಲ. 12ನೆಯ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗ್ವಿಗೊ ತೋರಿಸಿದ ನಾಲ್ಕು ಮೆಟ್ಟಿಲುಗಳು ಇಂದಿಗೂ ಸಲ್ಲುತ್ತವೆ: ವಾಚನ, ಮನನ, ಪ್ರಾರ್ಥನೆ, ಧ್ಯಾನ. ಸಂಜೆಯ ಜಪಮಾಲೆಯ ಬಳಿಕ ಮನೆಯ ಮಕ್ಕಳಲ್ಲೊಬ್ಬರು ಅಂದಿನ ಶುಭಸಂದೇಶವನ್ನು ನಿಧಾನವಾಗಿ ಓದಲಿ. ಮನಸ್ಸಿಗೆ ತಾಗಿದ ಮಾತನ್ನು ಪ್ರತಿಯೊಬ್ಬರೂ ಹೇಳಲಿ. ಹಿರಿಯರು ಕೂಡಲೇ ಉಪದೇಶಕ್ಕೆ ತೊಡಗದಿರಲಿ. ಕೆಲವು ಕ್ಷಣ ಮೌನವಿದ್ದು, ಚಿಕ್ಕದೊಂದು ಪ್ರಾರ್ಥನೆಯಿಂದ ಮುಗಿಸಿದರೆ ಹತ್ತು ನಿಮಿಷ ಸಾಕು.

ಎಲ್ಲ ದಿನಗಳ ವಾಚನವೂ ಹೃದಯವನ್ನು ಕಲಕದು. ವಂಶಾವಳಿಯ ಹೆಸರುಗಳು, ಅರ್ಥವಾಗದ ಪ್ರವಾದನೆಗಳು ಬಂದಾಗ ಬೇಸರವಾಗುವುದು ಸಹಜ. ಆದರೂ ಓದು ನಿಲ್ಲದಿರಲಿ. ನಮಗೆ ಬೇಕಾದ ಮಾತು ಯಾವ ದಿನದ ಪುಟದಲ್ಲಿದೆಯೆಂದು ಮುಂದಾಗಿ ಬಲ್ಲವರಾರು? ಅದು ಬಂದ ದಿನ ನಾವು ಮನೆಯಲ್ಲಿ ಒಟ್ಟಿಗೆ ಕುಳಿತಿದ್ದರೆ ಅಷ್ಟೇ ಸಾಕು.