ಹೊಸ ಹೊಂಡದಲ್ಲಿ ಪಾಚಿಯೇ? ಮೈಲುತುತ್ತಿಗಿಂತ ಮೊದಲು ನೆರಳು ಮಾಡಿ

ಶಂಕರಪುರದ ಕಡೆ ಮಲ್ಲಿಗೆಗೆಂದು ಪ್ಲಾಸ್ಟಿಕ್ ಹಾಸಿದ ಹೊಂಡ ಅಥವಾ ಸಿಮೆಂಟ್ ಟ್ಯಾಂಕಿ ಮಾಡಿಸಿದವರು ಮೊದಲ ಬೇಸಿಗೆಯಲ್ಲೇ ಕೇಳುವ ಪ್ರಶ್ನೆ ಒಂದೇ: "ನೀರು ಹಸಿರಾಗಿದೆ, ಡ್ರಿಪ್ ಕಟ್ಟಿಕೊಳ್ತಾ ಇದೆ, ಏನು ಹಾಕುವುದು?" ಹೂ ಜಾಸ್ತಿ ಬಿಡುವ ಕಾಲವೇ ಅದು. ಒಂದು ಅಟ್ಟೆಗೆ 4 ಚೆಂಡು, ಚೆಂಡಿಗೆ 800 ಹೂ. ಎರಡು ಸಾಲು ಗಿಡಕ್ಕೆ ನೀರು ತಲುಪದಿದ್ದರೆ ಅಟ್ಟೆ ತುಂಬುವುದಿಲ್ಲ.

ಏನಾದರೂ ಹಾಕುವ ಮೊದಲು ಪಾಚಿ ಯಾಕೆ ಬಂತು ನೋಡಿ. ಮುರಕಲ್ಲು ನೆಲದಲ್ಲಿ ನೀರು ಇಂಗುತ್ತದೆ, ಹಾಗಾಗಿ ಪ್ಲಾಸ್ಟಿಕ್ ಬೇಕು. ಆದರೆ ಹೊಸ ಹೊಂಡದಲ್ಲಿ ನೀರುಗಿಡ ಇಲ್ಲ, ಪಾಚಿ ತಿನ್ನುವ ಜೀವಿಗಳೂ ಇನ್ನೂ ನೆಲೆಯಾಗಿಲ್ಲ. ಬಿಸಿಲು, ಸಾರಜನಕ, ರಂಜಕ ಸಿಕ್ಕಿದರೆ ಮೊದಲು ಜಾಗ ಹಿಡಿಯುವುದು ಪಾಚಿಯೇ. ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಸಾಕುವವರನ್ನು ಕೇಳಿ. ಹೊಸ ತೊಟ್ಟಿಗೆ ಮೊದಲು ಕಂದು ಪಾಚಿ, ಆಮೇಲೆ ಹಸಿರು, ಅಲ್ಲಿಯೂ ಇದೇ ಕಥೆ.

ನಮ್ಮಲ್ಲಿ ಪಾಚಿಗೆ ಆಹಾರ ಹೆಚ್ಚಾಗಿ ಹಟ್ಟಿಯಿಂದ ಬರುತ್ತದೆ. ಗೊಬ್ಬರದ ಗುಂಡಿಯ ನೀರು ಮಳೆಗೆ ಹೊಂಡಕ್ಕೆ ಹರಿಯುತ್ತದೆ. ಮೇಲ್ಬದಿಗೆ ಒಂದು ಕಣಿ ತೆಗೆದು ಅದನ್ನು ತೋಟಕ್ಕೆ ತಿರುಗಿಸಿ. ಜೀವಾಮೃತವನ್ನು ಟ್ಯಾಂಕಿಗೇ ಸುರಿಯುವವರೂ ಇದ್ದಾರೆ. ಅದು ಪಾಚಿಗೆ ಎಲೆ ಹಾಕಿ ಬಡಿಸಿದ ಹಾಗೆ. ಬೇರೆ ಡ್ರಮ್ಮಿನಲ್ಲಿ ಸೋಸಿ ಬುಡಕ್ಕೆ ಕೊಡಿ.

ಇನ್ನು ಬೆಳಕು. ಟ್ಯಾಂಕಿಯಾದರೆ ಪೂರ್ತಿ ಮುಚ್ಚಿಬಿಡಿ, ಸೊಳ್ಳೆಯ ಕಾಟವೂ ತಪ್ಪುತ್ತದೆ. ಹೊಂಡಕ್ಕೆ ತಂತಿ ಎಳೆದು 75 ಶೇಕಡಾದ ನೆರಳುಬಲೆ ಹಾಕಬಹುದು. ಅಂತರಗಂಗೆ ಬಿಟ್ಟರೆ ನೆರಳು ಬಿಟ್ಟಿ ಸಿಗುತ್ತದೆ ನಿಜ, ಆದರೆ ಅದು ಹೊಂಡವನ್ನೇ ನುಂಗುತ್ತದೆ. ನನಗಂತೂ ಬಲೆಯೇ ವಾಸಿ. ನೂಲಿನಂಥ ಪಾಚಿಯನ್ನು ಬಿದಿರ ಕೋಲಿಗೆ ಸುತ್ತಿ ಎಳೆದು ಕಾಂಪೋಸ್ಟಿಗೆ ಹಾಕಿ, ದಡದಲ್ಲಿ ರಾಶಿ ಹಾಕಬೇಡಿ. ಕೊಳೆತ ರಸ ವಾಪಸ್ ನೀರಿಗೇ ಇಳಿಯುತ್ತದೆ.

ಮೈಲುತುತ್ತು ಹಾಕಿದರೆ ಪಾಚಿ ಬೇಗ ಸಾಯುತ್ತದೆ, ಸುಳ್ಳಲ್ಲ. ಆದರೆ ಸತ್ತ ಪಾಚಿ ತಳದಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯಬಹುದು. ಕೊಳೆತ ಪಾಚಿಯ ಸಾರವೇ ಮುಂದಿನ ಪಾಚಿಗೆ ಗೊಬ್ಬರ. ನಮ್ಮ ಮೆದು ನೀರಿನಲ್ಲಿ ತಾಮ್ರದ ವಿಷ ಮೀನಿಗೆ ಇನ್ನೂ ಜೋರು, ಮಣ್ಣಿಗೆ ಸೇರಿದ ತಾಮ್ರ ಕರಗಿ ಹೋಗುವುದೂ ಇಲ್ಲ.

ಪಂಪಿನ ಸಕ್ಷನ್ ಪೈಪನ್ನು ತಳಕ್ಕೆ ಬಿಡಬೇಡಿ, ಮೇಲೂ ತೇಲಿಸಬೇಡಿ. ನೀರಿನ ಮಟ್ಟದಿಂದ ಎರಡು ಅಡಿ ಕೆಳಗಿರುವಂತೆ ಖಾಲಿ ಕ್ಯಾನ್‌ಗೆ ಕಟ್ಟಿ. ಪಾಚಿ ಇರುವ ನೀರಿಗೆ ಜಾಲರಿ ಫಿಲ್ಟರ್ ಒಂದೇ ಸಾಲದು, ಮರಳಿನ ಫಿಲ್ಟರ್ ಬೇಕು. ವಾರಕ್ಕೊಮ್ಮೆ ಲ್ಯಾಟರಲ್‌ಗಳ ತುದಿ ಬಿಚ್ಚಿ, ತಿಳಿ ನೀರು ಬರುವ ತನಕ ಹರಿಯಬಿಡಿ.