ಮಲ ತೂಗಿದ ಸರ್ಜನ್

ನಿಮ್ಮ ತೂಕ ಎಷ್ಟೆಂದರೆ ಹೇಳುತ್ತೀರಿ, ಬಿ.ಪಿ. ಎಷ್ಟೆಂದರೂ ಹೇಳುತ್ತೀರಿ. ಮಲ ವಿಸರ್ಜನೆಯ ಮಾತೆತ್ತಿದರೆ ಮುಖ ತಿರುಗಿಸುತ್ತೀರಿ. ಬೀದರ್‌ನ ನನ್ನ ದವಾಖಾನೆಗೆ ಭಾಲ್ಕಿ, ಔರಾದ್ ಕಡೆಯಿಂದ ಬರುವವರು ಕೆಮ್ಮು, ಮೊಣಕಾಲು ನೋವು ಎಲ್ಲ ಹೇಳಿ ಮುಗಿಸಿ, ಹೊರಡುವಾಗ ಬಾಗಿಲ ಬಳಿ ನಿಂತು “ಹೊಟ್ಟಿ ಸಾಫ್ ಆಗಂಗಿಲ್ರಿ ಡಾಕ್ಟರ್ ಸಾಬ್” ಎನ್ನುತ್ತಾರೆ.

ಈ ನಾಚಿಕೆ ಬಿಟ್ಟು ಮಲವನ್ನೇ ತೂಗಿ ನೋಡಿದ ಸರ್ಜನ್ ಒಬ್ಬರಿದ್ದರು. ಹೆಸರು ಡೆನಿಸ್ ಬರ್ಕಿಟ್. 1911ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಒಂದು ಕಣ್ಣು ಕಳೆದುಕೊಂಡರೂ ಶಸ್ತ್ರವೈದ್ಯರಾದರು. ಉಗಾಂಡಾದಲ್ಲಿದ್ದಾಗ ಮಕ್ಕಳ ದವಡೆಯಲ್ಲಿ ಬೆಳೆಯುವ ಕ್ಯಾನ್ಸರ್ ಬಗ್ಗೆ 1958ರಲ್ಲಿ ವರದಿ ಮಾಡಿದರು. ಆ ರೋಗಕ್ಕೆ ಇಂದಿಗೂ ಅವರದೇ ಹೆಸರು. 1966ರಲ್ಲಿ ಇಂಗ್ಲೆಂಡಿಗೆ ಮರಳಿದ ಮೇಲೆ ಅವರ ಗಮನ ಕರುಳಿನತ್ತ ಹರಿಯಿತು. ಆಫ್ರಿಕಾದ ಮಿಷನ್ ಆಸ್ಪತ್ರೆಗಳಿಗೆ ಪ್ರಶ್ನಾವಳಿ ಕಳಿಸಿ ವಿಚಾರಿಸಿದರು. ಇಂಗ್ಲೆಂಡಿನಲ್ಲಿ ನಿತ್ಯ ಕಾಣುವ ಅಪೆಂಡಿಸೈಟಿಸ್, ಮೂಲವ್ಯಾಧಿ, ದೊಡ್ಡ ಕರುಳಿನ ಕ್ಯಾನ್ಸರ್ ಅಲ್ಲಿನ ಹಳ್ಳಿಗಳಲ್ಲಿ ಅಪರೂಪವೆಂಬ ಉತ್ತರ ಬಂತು.

ಏಕೆ? ಜನರಿಗೆ ಸಣ್ಣ ಪ್ಲಾಸ್ಟಿಕ್ ಗುಳಿಗೆಗಳನ್ನು ನುಂಗಿಸಿದರು. ಮಲವನ್ನು ಚೀಲದಲ್ಲಿ ಸಂಗ್ರಹಿಸಿ ತೂಗಿ, ಎಕ್ಸ್‌ರೇ ತೆಗೆದು ಗುಳಿಗೆ ಎಷ್ಟು ಹೊತ್ತಿಗೆ ಹೊರಬಂದವೆಂದು ಎಣಿಸಿದರು. ವಾಕರ್, ಪೇಂಟರ್ ಎಂಬ ಸಹೋದ್ಯೋಗಿಗಳೊಡನೆ 1972ರಲ್ಲಿ ಇದನ್ನು ಪ್ರಕಟಿಸಿದರು. ಬ್ರೆಡ್ಡು, ಸಕ್ಕರೆ ತಿನ್ನುವ ಇಂಗ್ಲಿಷರ ಮಲ ದಿನಕ್ಕೆ ಸುಮಾರು 100 ಗ್ರಾಂ, ತಿಂದದ್ದು ಹೊರಬರಲು ಮೂರು ದಿನಕ್ಕೂ ಹೆಚ್ಚು. ಉಗಾಂಡಾದ ಹಳ್ಳಿಗರದು 400 ಗ್ರಾಂಗೂ ಮೇಲೆ, ಒಂದೂವರೆ ದಿನದಲ್ಲಿ ಹೊರಗೆ!

ಈ ವ್ಯತ್ಯಾಸಕ್ಕೆ ಕಾರಣ ನಾರು ಎಂದರು ಬರ್ಕಿಟ್. ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನೀರು ಹಿಡಿದುಕೊಂಡು ಮುಂದೆ ಸಾಗುತ್ತದೆ. ಮಲ ಮೆತ್ತಗಾಗುತ್ತದೆ, ಮುಕ್ಕುವ ಕಷ್ಟ ತಪ್ಪುತ್ತದೆ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಕರುಳಿನ ಒಳಪದರಕ್ಕೆ ಬೇಕಾದ ಆಮ್ಲಗಳನ್ನು ತಯಾರಿಸುತ್ತವೆಂಬುದೂ ಈಗ ತಿಳಿದಿದೆ.

ನಮ್ಮ ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರಿದೆ; ಪಾಲಿಶ್ ಅಕ್ಕಿಯಲ್ಲೂ ಮೈದಾದಲ್ಲೂ 3 ಗ್ರಾಂ ಕೂಡ ಇಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಸಜ್ಜೆ ರೊಟ್ಟಿಯೊಂದಿಗೆ ಉಣ್ಣುವ ಭಜ್ಜಿಯಲ್ಲಿ ಎಷ್ಟು ಕಾಳು, ಎಷ್ಟು ಸೊಪ್ಪು! ಮರುದಿನ ಮಕ್ಕಳ ಕೈಗೆ ಟೋಸ್ಟು, ಬಿಸ್ಕತ್ತು ಕೊಡುವವರೂ ನಾವೇ.

ಬರ್ಕಿಟ್ ಹೇಳಿದ್ದೆಲ್ಲ ಸರಿ ಎನ್ನಲಾಗದು. ಹಳ್ಳಿಗರು ಮಾಂಸ ಕಡಿಮೆ ತಿನ್ನುತ್ತಿದ್ದರು, ಹೆಚ್ಚು ದುಡಿಯುತ್ತಿದ್ದರು. ಕ್ಯಾನ್ಸರ್ ಬಂದ ಎಷ್ಟು ಮಂದಿ ಆಸ್ಪತ್ರೆಗೇ ಬರಲಿಲ್ಲವೋ. ಕರುಳಿನಲ್ಲಿ ಪಾಲಿಪ್ ಎಂಬ ಗಂಟು ಇದ್ದವರಿಗೆ ಮೂರ್ನಾಲ್ಕು ವರ್ಷ ನಾರು ಕೊಟ್ಟರೂ ಅವು ಮತ್ತೆ ಬರುವುದು ತಗ್ಗಲಿಲ್ಲವೆಂದು ಅಮೆರಿಕದ ಎರಡು ಪ್ರಯೋಗಗಳು 2000ದಲ್ಲಿ ತಿಳಿಸಿದವು. ಆದರೆ 2019ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ 25ರಿಂದ 29 ಗ್ರಾಂ ನಾರು ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಿಮೆಯೇ ಕಂಡಿತು. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ಔರಾದ್ ಕಡೆಯ ರೈತರೊಬ್ಬರಿಗೆ ಎಂಟು ತಿಂಗಳಿಂದ ಮಲದಲ್ಲಿ ರಕ್ತ. ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಇಸಬ್‌ಗೋಲ್ ಕುಡಿಯುತ್ತಿದ್ದರು. “ದಿನಾ ಜ್ವಾಳದ ರೊಟ್ಟಿ ತಿಂತೀನ್ರಿ, ನನಗೆಂಥಾ ದೊಡ್ಡ ರೋಗ?” ಎಂದರು. ಬೆರಳಿಟ್ಟು ಪರೀಕ್ಷಿಸಿದೆ, ಗಡ್ಡೆ ಬೆರಳಿಗೇ ಸಿಕ್ಕಿತು.

ರೊಟ್ಟಿ, ಕಾಳು, ಸೊಪ್ಪು ತಿನ್ನಿ. ನಾರನ್ನು ನಿಧಾನವಾಗಿ ಹೆಚ್ಚಿಸಿ, ಜೊತೆಗೆ ನೀರು ಕುಡಿಯಿರಿ. ಆದರೆ ಮಲದಲ್ಲಿ ರಕ್ತ ಬಿದ್ದರೆ, ನಲವತ್ತು ದಾಟಿದ ಮೇಲೆ ಮಲವಿಸರ್ಜನೆಯ ರೂಢಿ ಬದಲಾಗಿ ಹಾಗೇ ಉಳಿದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ಬೆರಳಿನ ಪರೀಕ್ಷೆ ಎರಡು ನಿಮಿಷದ್ದು. ಬೇಕೆನಿಸಿದರೆ ಅವರೇ ಕೊಲೊನೋಸ್ಕೋಪಿಗೆ ಬರೆದುಕೊಡುತ್ತಾರೆ. ವಿಷಯವನ್ನು ಬಾಗಿಲ ಬಳಿ ನಿಂತು ಹೇಳಬೇಡಿ, ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿ.