ಸಾದಾ ಹಾಕ್ಲಾ ಸಾರ್, ಪವರ್ರಾ?

ಅರಸೀಕೆರೆಯಿಂದ ಜಾವಗಲ್ ದಾರಿ ಹಿಡಿದು ಹಳೇಬೀಡಿಗೆ ಹೊರಟ ಕಾರು ಪೆಟ್ರೋಲ್ ಬಂಕಿಗೆ ತಿರುಗಿತೆಂದರೆ, ಕಿಟಕಿ ಪೂರ್ತಿ ಇಳಿಯುವ ಮೊದಲೇ ಪ್ರಶ್ನೆ ಬಂದಿರುತ್ತದೆ: "ಸಾದಾ ಹಾಕ್ಲಾ ಸಾರ್, ಪವರ್ರಾ?" ಹಿಂದಿನ ಸೀಟಿನಲ್ಲಿ ಬೇಲೂರು ನೋಡಲು ಬಂದ ನೆಂಟರಿದ್ದರೆ ಮಾಲೀಕನಿಗೆ ಧರ್ಮಸಂಕಟ. ಸಾದಾ ಅಂದರೆ ಜಿಪುಣ, ಪವರ್ ಅಂದರೆ ಜೇಬಿಗೆ ಕತ್ತರಿ. "ಜೀರೋ ನೋಡ್ಕಳಿ" ಅನ್ನುವಷ್ಟರಲ್ಲಿ ತೀರ್ಮಾನ ಆಗಿಬಿಡಬೇಕು.

ಹಾಕಿದ ಪೆಟ್ರೋಲ್ ಇಂಜಿನ್ನಿಗೆ ಒಗ್ಗಿತೋ ಇಲ್ಲವೋ ಎಂಬ ತೀರ್ಮಾನವನ್ನು ಹಿಂದೆ ಕಿವಿ ಮಾಡುತ್ತಿತ್ತು. ಮಂಗಳೂರಿಂದ ಜನ, ಸಾಮಾನು ತುಂಬಿಕೊಂಡು ಶಿರಾಡಿ ಘಾಟಿ ಹತ್ತುವ ಅಂಬಾಸಡರ್‌ನ ಬಾನೆಟ್ ಒಳಗಿಂದ, ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಕಟಕಟ ಸದ್ದು ಹೊರಟರೆ ಡ್ರೈವರ್ ಗೇರ್ ಇಳಿಸುತ್ತಿದ್ದ. ಊರಿಗೆ ಬಂದಮೇಲೆ ಮೆಕ್ಯಾನಿಕ್ ಸಣ್ಣ ಸ್ಪ್ಯಾನರ್‌ನಲ್ಲಿ ಡಿಸ್ಟ್ರಿಬ್ಯೂಟರ್‌ನ ಬೋಲ್ಟ್ ಸಡಿಲಿಸಿ, ಅದರ ಕೊರಳು ಹಿಡಿದು ಕೂದಲೆಳೆಯಷ್ಟು ತಿರುಗಿಸಿ, ಇನ್ನೊಂದು ಕೈಯಲ್ಲಿ ಇಂಜಿನ್ ರೇಸ್ ಮಾಡಿ, ತಲೆ ವಾಲಿಸಿ ಕೇಳುತ್ತಿದ್ದ. ಇನ್ನಷ್ಟು ತಿರುಗಿಸಿ ಮತ್ತೆ ಕೇಳುತ್ತಿದ್ದ. ಟೈಮಿಂಗ್ ಹಿಂದಕ್ಕೆ ಹೋದರೆ ಸದ್ದು ಅಡಗುತ್ತಿತ್ತು, ಜೊತೆಗೆ ಗಾಡಿಯ ಎಳೆತವೂ ತುಸು ಅಡಗುತ್ತಿತ್ತು. ಆ ಕಿವಿಗಳು ಈಗ ಅಪರೂಪ. ಅದೇ ಕೆಲಸವನ್ನು ಇಂಜಿನ್ನಿಗೆ ಕಚ್ಚಿಕೊಂಡ ಒಂದು ಸೆನ್ಸರ್ ಮತ್ತು ಕಂಪ್ಯೂಟರ್ ಯಾರಿಗೂ ಹೇಳದೆ ಮಾಡಿ ಮುಗಿಸುತ್ತವೆ.

ಆ ಕಟಕಟಕ್ಕೆ ಕಾರಣ ಪೆಟ್ರೋಲಿನ ಆತುರ. ಸಿಲಿಂಡರಿನಲ್ಲಿ ಗಾಳಿಯೊಡನೆ ಬೆರೆತು ಒತ್ತಡಕ್ಕೆ ಸಿಕ್ಕ ಪೆಟ್ರೋಲ್, ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತನ್ನ ತನಕ ಬರುವವರೆಗೂ ಕಾಯಬೇಕು. ಕಾಯದೆ ತಾನಾಗಿ ಹೊತ್ತಿಕೊಂಡರೆ ಅದೇ ನಾಕಿಂಗ್. ಆಕ್ಟೇನ್ ಸಂಖ್ಯೆ ಅಳೆಯುವುದು ಈ ಕಾಯುವ ತಾಳ್ಮೆಯನ್ನು ಮಾತ್ರ. 95ರ ಪೆಟ್ರೋಲಿನಲ್ಲಿ 91ಕ್ಕಿಂತ ಹೆಚ್ಚು ಕಸುವಿದೆ ಎಂಬುದು ನಮ್ಮ ಕಲ್ಪನೆ. ಅಳತೆಗೋಲು ಹುಟ್ಟಿದ್ದು 1926ರಲ್ಲಿ. ಅಮೆರಿಕದ ಗ್ರಹಾಂ ಎಡ್ಗರ್, ತಾಳ್ಮೆಯ ಐಸೋ ಆಕ್ಟೇನ್‌ಗೆ 100 ಅಂಕ ಕೊಟ್ಟು, ಮುಂಗೋಪಿ ಹೆಪ್ಟೇನನ್ನು ಸೊನ್ನೆಗೆ ಕೂರಿಸಿದ. ಆ ಸೊನ್ನೆಯ ಹೆಪ್ಟೇನ್ ಆಗ ಸಿಗುತ್ತಿದ್ದುದು ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ!

ಆದರೆ ದುಬಾರಿ ಪೆಟ್ರೋಲಿನ ಕಥೆ ಅದಕ್ಕೂ ಐದು ವರ್ಷ ಹಿಂದಿನದು, ಅದರ ನಾಯಕ ಥಾಮಸ್ ಮಿಜ್ಲಿ. ಜನರಲ್ ಮೋಟರ್ಸ್ ಪ್ರಯೋಗಾಲಯದಲ್ಲಿ ನಾಕಿಂಗ್‌ಗೆ ಮದ್ದು ಹುಡುಕಲು ಈತ ಅಯೋಡಿನ್, ಅನಿಲಿನ್, ಬೆಳ್ಳುಳ್ಳಿಯಂತೆ ನಾರುವ ಟೆಲುರಿಯಂ ಎಲ್ಲವನ್ನೂ ಸುರಿದು ನೋಡಿದ. ಮದ್ದು ಅವನ ಕೈಯಲ್ಲೇ ಇತ್ತು. 1921ರ ಅಕ್ಟೋಬರಿನಲ್ಲಿ ಶೇ 30ರಷ್ಟು ಆಲ್ಕೋಹಾಲ್ ಬೆರೆಸಿದ ಪೆಟ್ರೋಲ್ ಹಾಕಿಕೊಂಡು ಡೇಟನ್‌ನಿಂದ ಇಂಡಿಯಾನಾಪೊಲಿಸ್‌ನ ಇಂಜಿನಿಯರುಗಳ ಸಭೆಗೆ ಕಾರು ಓಡಿಸಿಕೊಂಡು ಹೋದವನು ಅವನೇ. ಎರಡೇ ತಿಂಗಳು, ಡಿಸೆಂಬರ್ 9ರಂದು ಸೀಸದ ಸಂಯುಕ್ತವೊಂದು ಸಿಕ್ಕಿತು. ಕೆಲವೇ ಹನಿ ಸಾಕು, ಪೇಟೆಂಟೂ ಉಂಟು. ಯಾವ ರೈತ ಬೇಕಾದರೂ ಭಟ್ಟಿ ಇಳಿಸಬಹುದಾದ ಆಲ್ಕೋಹಾಲ್‌ನಲ್ಲಿ ಕಂಪನಿಗೇನು ಸಿಗಬೇಕು?

1923ರ ಫೆಬ್ರವರಿಯಲ್ಲಿ ಡೇಟನ್‌ನ ಬಂಕೊಂದರಲ್ಲಿ 'ಎಥಿಲ್' ಎಂಬ ಮುದ್ದಾದ ಹೆಸರಿನಲ್ಲಿ ಆ ಸೀಸ ಬೆರೆಸಿದ ಪೆಟ್ರೋಲ್ ಸಾದಾ ಪೆಟ್ರೋಲಿಗಿಂತ ಹೆಚ್ಚಿನ ಬೆಲೆಗೆ ಮಾರಾಟಕ್ಕೆ ಬಂತು. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಕಾರ್ಖಾನೆಯಲ್ಲಿ ಆ ವಿಷದಿಂದ ಬುದ್ಧಿಭ್ರಮಣೆಯಾಗಿ ಐವರು ಕೆಲಸಗಾರರು ಸತ್ತರು. ಮಿಜ್ಲಿ ಪತ್ರಕರ್ತರೆದುರು ಅದೇ ದ್ರವದಲ್ಲಿ ಕೈ ತೊಳೆದು, ಒಂದು ನಿಮಿಷ ಮೂಸಿ ತೋರಿಸಿದ. ಹಿಂದಿನ ವರ್ಷವಷ್ಟೇ ಸೀಸ ಮೈಗೇರಿ ರಜೆ ಹಾಕಿ ಸುಧಾರಿಸಿಕೊಂಡಿದ್ದ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ.

ಜಗತ್ತು ಸೀಸದ ಹಿಂದೆ ಹೋಗುತ್ತಿದ್ದಾಗ ಮೈಸೂರು ಸಂಸ್ಥಾನ ಬೇರೆ ದಾರಿ ತುಳಿಯಿತೆಂಬುದನ್ನು ನಾವೇ ಮರೆತಿದ್ದೇವೆ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಮುಂದೆ ನಿಂತು 1933ರಲ್ಲಿ ಕಟ್ಟಿಸಿದ ಮಂಡ್ಯದ ಸಕ್ಕರೆ ಕಂಪನಿಯಲ್ಲಿ ಬೆಲ್ಲದ ಬಣ್ಣದ ಕಾಕಂಬಿ ಹೊಳೆಯಾಗಿ ಉಳಿಯುತ್ತಿತ್ತು. ಅದನ್ನು ಭಟ್ಟಿ ಇಳಿಸಿ, ನೀರಿನಂಶ ತೆಗೆದು ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ ಮಾಡಲಾಯಿತು. ಅದಕ್ಕಿದ್ದ ಹೆಸರು 'ಪವರ್ ಆಲ್ಕೋಹಾಲ್'. ಬಂಕಿನ ಹುಡುಗ ಇವತ್ತು ಹೇಳುವ 'ಪವರ್' ಮಂಡ್ಯಕ್ಕೆ ಎಂಬತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಇಡೀ ದೇಶಕ್ಕೆ ಪವರ್ ಆಲ್ಕೋಹಾಲ್ ಕಾಯ್ದೆಯೂ ಬಂತು. ಆಮೇಲೆ ಅಗ್ಗದ ಪೆಟ್ರೋಲಿನ ಕಾಲದಲ್ಲಿ ಅದು ಪುಸ್ತಕದಲ್ಲೇ ಧೂಳು ಹಿಡಿಯಿತು.

2000ನೇ ಇಸವಿಯ ತಮಾಷೆ ನೋಡಿ. ಫೆಬ್ರವರಿ 1ರಿಂದ ದೇಶದ ಎಲ್ಲ ಬಂಕುಗಳಲ್ಲಿ ಸೀಸ ಬಂದ್. ಸೀಸ ಹೋದ ಜಾಗಕ್ಕೆ ಹೇಳಿ ಮಾಡಿಸಿದಂತಿದ್ದ ಆಲ್ಕೋಹಾಲ್‌ನ ಹಳೇ ಕಾಯ್ದೆಯೂ ಅದೇ ವರ್ಷ ರದ್ದು! ಮೂರು ವರ್ಷ ಕಳೆಯುವಷ್ಟರಲ್ಲಿ ಎಥೆನಾಲ್ ಎಂಬ ಹೊಸ ಹೆಸರಿನಲ್ಲಿ ಆ ಆಲ್ಕೋಹಾಲನ್ನೇ ಮತ್ತೆ ಬೆರೆಸತೊಡಗಿದರು. ಮಂಡ್ಯದ ಹೆಸರನ್ನು ಯಾರೂ ಎತ್ತಿದಂತಿಲ್ಲ.

ಸ್ಪೀಡ್, ಪವರ್, ಎಕ್ಸ್‌ಟ್ರಾ ಪ್ರೀಮಿಯಂ ಎಂಬ ಬೋರ್ಡುಗಳು ಹೆದ್ದಾರಿ ಬದಿಯಲ್ಲಿ ಎದ್ದದ್ದೂ ಆ ಆಸುಪಾಸಿನಲ್ಲೇ. ಗೊಂದಲ ಶುರುವಾದದ್ದೂ ಆಗಲೇ. ಮೊದಮೊದಲು ಈ ಹೆಸರುಗಳಲ್ಲಿ ಬಂದದ್ದು ಬಹುಪಾಲು ಇಂಜಿನ್ ಒಳಗಿನ ಮಸಿ ತೊಳೆಯುವ ರಾಸಾಯನಿಕ ಬೆರೆಸಿದ ಪೆಟ್ರೋಲ್. ಮಸಿ ತೊಳೆಯುವುದೇ ಬೇರೆ, ಆಕ್ಟೇನ್ ಏರಿಸುವುದೇ ಬೇರೆ. ಗಿರಾಕಿಗೆ ಎರಡೂ ಒಂದೇ ಆಗಿ ಕಂಡವು. ಮಾರುವವರೂ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ.

ಎಥೆನಾಲ್ ಮತ್ತೆ ಬೆರೆಯತೊಡಗಿದ 2003ರಲ್ಲೇ, ಈ ಸೀಮೆಗೆ ಪೆಟ್ರೋಲ್ ತರುವ ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನ್ ಚಾಲೂ ಆಯಿತು. ಉದ್ದ ಸುಮಾರು 362 ಕಿ.ಮೀ. ಘಟ್ಟದ ಕೆಳಗಿನ ನೆರಿಯದಲ್ಲಿ ಪಂಪಿನ ಒದೆ ತಿಂದು ಘಟ್ಟ ಹತ್ತುವ ಇಂಧನದಲ್ಲಿ ಒಂದು ಪಾಲು ಹಾಸನದಲ್ಲಿ ಇಳಿಯುತ್ತದೆ. ಒಂದೇ ಕೊಳವೆಯಲ್ಲಿ ಪೆಟ್ರೋಲ್, ಅದರ ಬೆನ್ನಿಗೆ ಡೀಸೆಲ್, ಸರದಿಯ ಮೇಲೆ. ಎಥೆನಾಲ್‌ಗೆ ಮಾತ್ರ ಆ ಕೊಳವೆಯಲ್ಲಿ ಜಾಗವಿಲ್ಲ. ಅದು ನೀರನ್ನು ಹೀರಿಕೊಳ್ಳುವ ಗಿರಾಕಿ. ಹಾಗಾಗಿ ಟ್ಯಾಂಕರ್ ಲಾರಿಯಲ್ಲಿ ಬಂದು ಡಿಪೋದಲ್ಲಿ ಬೆರೆಯುತ್ತದೆ. ಶೇ 20ರ ಮಿಶ್ರಣವನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥೆನಾಲ್‌ನ ಆಕ್ಟೇನ್ 100ಕ್ಕೂ ಮೇಲೆ, ಆದರೆ ಲೀಟರಿನಲ್ಲಿರುವ ಶಾಖ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ತಾಳ್ಮೆ ಹೆಚ್ಚು, ಮೈಲೇಜ್ ಕಡಿಮೆ. ಹಳೇ ಗಾಡಿಯವರ ಗೊಣಗಾಟದಲ್ಲಿ ಹುರುಳಿಲ್ಲದೇ ಇಲ್ಲ.

ಹಾಗಾದರೆ ಜಾವಗಲ್ ದಾರಿಯ ಕಾರಿಗೆ ಯಾವುದು? ಟ್ಯಾಂಕಿನ ಮುಚ್ಚಳದ ಒಳಗೋ ಮಾಲೀಕರ ಕೈಪಿಡಿಯಲ್ಲೋ 91 ಎಂದಿದ್ದರೆ ಸಾದಾ ಸಾಕು. 95 ಕೇಳುವ ಟರ್ಬೊ ಗಾಡಿಗೆ, ಬಂಕಿನ ಸಾದಾ ಅದಕ್ಕಿಂತ ಕಡಿಮೆ ಆಕ್ಟೇನಿನದಾಗಿದ್ದರೆ, ದುಬಾರಿ ಪೆಟ್ರೋಲ್ ಗುಣ ತೋರಿಸುತ್ತದೆ. ಆಗ ಸಾದಾ ಹಾಕಿದರೂ ನಡೆದೀತು, ಆದರೆ ಕಂಪ್ಯೂಟರ್ ಟೈಮಿಂಗ್ ಹಿಂದಕ್ಕೆಳೆದು ಎಳೆತ ಕುಗ್ಗಿಸುತ್ತದೆ. ಈ ಸೀಮೆಯ ಪರವಾಗಿ ಇನ್ನೊಂದು ಮಾತಿದೆ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಬೇಲೂರು 950ಕ್ಕೂ ಮೇಲೆ. ಗಾಳಿ ತೆಳುವಾದಷ್ಟು ಸಿಲಿಂಡರಿನ ಒತ್ತಡ ಇಳಿಯುತ್ತದೆ, ಟರ್ಬೊ ಇಲ್ಲದ ಇಂಜಿನ್ ಅಷ್ಟರಮಟ್ಟಿಗೆ ಕಡಿಮೆ ಆಕ್ಟೇನ್‌ನಲ್ಲೇ ಸುಮ್ಮನಿರುತ್ತದೆ. ಮಂಗಳೂರಿನ ಬಿಸಿಲಿನಲ್ಲಿ ಕಟಕಟ ಎನ್ನುವ ಹಳೇ ಗಾಡಿ ಬೇಲೂರಿನ ಚನ್ನಕೇಶವನ ಎದುರು ಬಾಯಿ ಮುಚ್ಚಿಕೊಳ್ಳುವುದು ಭಕ್ತಿಯಿಂದಲ್ಲ.

"ಸಾದಾನೇ ಹಾಕಪ್ಪ, ಫುಲ್ ಮಾಡು." ಕಾರು ಬಂಕ್ ಬಿಡುತ್ತದೆ. ಆ ಸಾದಾ ಟ್ಯಾಂಕಿನ ಐದು ಲೀಟರಿಗೆ ಒಂದು ಲೀಟರ್ ಕಬ್ಬಿನದೋ ಮೆಕ್ಕೆಜೋಳದ್ದೋ ಸ್ಪಿರಿಟ್. ಸುಗ್ಗಿಯ ದಿನಗಳಾದರೆ ದಾರಿಯುದ್ದಕ್ಕೂ ಅಲ್ಲಲ್ಲಿ ಅರ್ಧ ರಸ್ತೆ ಮೆಕ್ಕೆಜೋಳದ ಕಾಳಿನಿಂದ ಹಳದಿಯಾಗಿರುತ್ತದೆ. ಸುತ್ತ ಕಲ್ಲಿಟ್ಟು, ಅಜ್ಜಿಯೊಬ್ಬಳು ಕಾಲಲ್ಲಿ ಕಾಳು ಹರವುತ್ತಿರುತ್ತಾಳೆ. ಡ್ರೈವರ್ ಒಂದು ಹಾರ್ನ್ ಹೊಡೆದು, ಬಲಕ್ಕೆ ಎಳೆದುಕೊಂಡು, ಒಂದು ಕಾಳೂ ಚಕ್ರಕ್ಕೆ ಸಿಗದಂತೆ ದಾಟಿಸುತ್ತಾನೆ.